ಡ್ಯಾನಿಯ ಆಫ್‌ಶೋರ್ ಡ್ಯೂಟಿ

ಕುವೈತಿಗೆ ಬಂದ ಮೇಲೆ ನನಗೆ ಸಿಕ್ಕಿದ ಅತಿ ದೊಡ್ಡ ಪ್ರಮೋಷನ್ ಎಂದರೆ ನನ್ನ ಗಂಡನಿಗೆ ನಾನೇ ಕಫೀಲ್ ಆದದ್ದು. ಡ್ಯಾನಿಯ ಕಂಪನಿ ರಿಫೈನರಿಯ ಕಾಂಟ್ರಾಕ್ಟ್ ಮುಗಿಸಿತು, ಅದರ ಜೊತೆಗೆ ಡ್ಯಾನಿಯನ್ನೂ ಮುಗಿಸಿತು. ಈ ದೇಶದಲ್ಲಿ ಉಳಿಯಲು ಇಕಾಮಾ ಎಂಬ ವಾಸದ ಪರವಾನಗಿ ಬೇಕು, ಇಕಾಮಾಕ್ಕೆ ಕಫೀಲ್ ಎಂಬ ಒಬ್ಬ ಹೊಣೆಗಾರ ಬೇಕು. ಒಂದು ಖಾಸಗಿ ಕ್ಲಿನಿಕ್ಕಿನಲ್ಲಿ ಲ್ಯಾಬ್ ಟೆಕ್ನಿಷಿಯನ್ ಆಗಿರುವ ನಾನು ಆ ಹೊಣೆ ಹೊತ್ತೆ. ಕಷ್ಟಸುಖದಲ್ಲಿ ಜೊತೆಗಿರುತ್ತೇನೆಂದು ಶಿರ್ವದ ಪಾದ್ರಿಯ ಎದುರು ಒಪ್ಪಿಕೊಂಡಾಗಿತ್ತು. ಈಗ ಕುವೈತ್ ಸರಕಾರದ ಎದುರೂ ಒಪ್ಪಿಕೊಂಡೆ.

"ಇನ್ನು ಮೇಲೆ ಊಟಕ್ಕೆ ಕೂರುವ ಮೊದಲು ನನಗೊಂದು ಸಲಾಂ ಹೊಡಿ," ಎಂದೆ, ಅವನ ಹಳೆಯ ಲೆಬನಾನಿ ಮ್ಯಾನೇಜರನ ಗಂಟಲಿನಲ್ಲಿ.

ಸಾಮಾನ್ಯವಾಗಿ ಆ ಗಂಟಲಿಗೆ ಡ್ಯಾನಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಆವತ್ತು ನಗಲಿಲ್ಲ. ಅನ್ನ ಕಲಸಿದ, ಉಣ್ಣಲಿಲ್ಲ.

ಅವನು ಎಸ್ಟಿಮೇಟರ್. ಒಂದು ಪೈಪ್‌ಲೈನಿನ ನಕ್ಷೆ ಕೊಟ್ಟರೆ ಎಷ್ಟು ವಾಲ್ವು, ಎಷ್ಟು ವೆಲ್ಡಿಂಗು, ಎಷ್ಟು ಜನ, ಎಷ್ಟು ಖರ್ಚು ಎಂದು ಹೇಳುವುದು ಅವನ ಕೆಲಸ. ಎಲ್ಲದರ ಬೆಲೆ ಗೊತ್ತಿದ್ದವನಿಗೆ ಈಗ ತನ್ನ ಬೆಲೆಯೇ ಗೊತ್ತಾಗದಂತಾಗಿತ್ತು. ಐವತ್ತರ ಹತ್ತಿರದವನನ್ನು ಹೊಸ ಕಂಪನಿಗಳು ಕರೆಯಲಿಲ್ಲ. ಕರೆದದ್ದು ಒಬ್ಬನೇ: ಅವನ ದೊಡ್ಡಪ್ಪನ ಮಗ ಆಲ್‌ಸ್ಟನ್. ಅರ್ದಿಯಾದ ಒಂದು ಗೋದಾಮಿನ ಉಸ್ತುವಾರಿ ಅವನದು. "ಸ್ಟೋರ್‌ಕೀಪರ್ ಪೋಸ್ಟ್ ಖಾಲಿ ಉಂಟು, ಬರುವುದಾದರೆ ನಾನು ಹಿಡಿದಿಡ್ತೇನೆ," ಎಂದಿದ್ದ.

"ಅರ್ದಿಯಾ! ಅರ್ಧ ಸಂಬಳ, ಅರ್ಧ ಮರ್ಯಾದೆ," ಎಂದು ಡ್ಯಾನಿ ಫೋನು ಇಟ್ಟ. ಶಬ್ದಗಳ ಜೊತೆ ಆಟವಾಡುವುದು ನನ್ನ ಚಾಳಿ, ಅವನದಲ್ಲ. ಅವನು ಹಾಗೆ ಮಾತಾಡಿದನೆಂದರೆ ಒಳಗೆ ಎಲ್ಲೋ ನೋವಾಗಿದೆ ಎಂದರ್ಥ.

ಆಮೇಲೆ ಒಂದು ಸಂಜೆ ನಾನು ಕ್ಲಿನಿಕ್ಕಿನಿಂದ ಬಂದಾಗ ಅವನ ಮುಖದಲ್ಲಿ ಬೆಳಕಿತ್ತು.

"ಟೀನಾ, ಕೆಲಸ ಸಿಕ್ಕಿತು."

"ದೇವರು ದೊಡ್ಡವ! ಎಲ್ಲಿ?"

"ಬ್ಲ್ಯಾಕ್‌ಜಾಕ್."

"ಯಾವ ದೇಶದ ಕಂಪನಿ ಅದು?"

"ಕಂಪನಿ ಅಲ್ಲ ಮಾರಾಯ್ತಿ. ಇಸ್ಪೀಟು."

ನಾನು ಬ್ಯಾಗನ್ನು ಕೆಳಗಿಡದೆ ಹಾಗೇ ನಿಂತೆ. "ಡ್ಯಾನಿ, ಈ ದೇಶದಲ್ಲಿ ಜೂಜು ಅಂದ್ರೆ ಮೊದಲು ಜೈಲು, ಆಮೇಲೆ ವಿಮಾನ. ಫೋನಲ್ಲಿ ಆಡಿದ್ರೂ ಅಷ್ಟೇ. ನಿನ್ನ ಕಫೀಲ್ ನಾನು. ನಿನ್ನ ಪಕ್ಕದ ಸೀಟಿಗೆ ನನ್ನನ್ನೂ ಹತ್ತಿಸ್ತಾರೆ."

"ಇಲ್ಲಿ ಯಾರು ಆಡ್ತಾರೆ? ಜಾರ್ಜಿಯಾಕ್ಕೆ ಹೋಗಿ ಆಡುವುದು."

ಜಾರ್ಜಿಯಾ ಎಂದರೆ ಇಲ್ಲಿಯವರಿಗೆ ಈದ್ ರಜೆಯಲ್ಲಿ ಹಿಮ ನೋಡಲು ಹೋಗುವ ಜಾಗ. ಕುವೈತಿನ ಇಕಾಮಾ ಇದ್ದವರಿಗೆ ವೀಸಾದ ರಗಳೆ ಇಲ್ಲ, ವಿಮಾನದ ಟಿಕೆಟ್ಟೂ ಅಗ್ಗ. ಅಲ್ಲಿ ಕ್ಯಾಸಿನೊ ಕಾನೂನಿನೊಳಗೇ ಇದೆ. ಅಬು ಹಲೀಫಾದ ನಮ್ಮ ಕಟ್ಟಡದಲ್ಲಿ ಅರ್ಧ ಗಂಡಸರು ಸಮುದ್ರದ ರಿಗ್ಗುಗಳಲ್ಲಿ ರೊಟೇಷನ್ ಮೇಲೆ ದುಡಿಯುವವರು. ಆಫ್‌ಶೋರ್ ಡ್ಯೂಟಿ ಎಂದರೆ ಇಷ್ಟು ದಿನ ನೀರಿನಲ್ಲಿ, ಇಷ್ಟು ದಿನ ಮನೆಯಲ್ಲಿ. ಡ್ಯಾನಿಯ ಯೋಜನೆಯೂ ಅದೇ. ತಿಂಗಳಿಗೊಮ್ಮೆ ಹೋಗಿ, ನಾಲ್ಕು ದಿನ ಮೇಜಿನ ಮುಂದೆ ಕೂತು, ಸಂಬಳ ಹಿಡಿದುಕೊಂಡು ವಾಪಸು.

"ಅದೃಷ್ಟದ ಆಟ ಅಲ್ಲ ಟೀನಾ. ಎಸ್ಟಿಮೇಷನ್ ಅದು. ನಾನು ಇಷ್ಟು ವರ್ಷ ಮಾಡಿದ್ದು ಬೇರೆ ಎಂತ?"

ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ತಿಂಗಳುಗಟ್ಟಲೆ ಸೋಫಾದ ಕುಶನ್ನಿನ ಹಾಗೆ ಬಿದ್ದುಕೊಂಡಿದ್ದವನು ನೆಟ್ಟಗೆ ಕೂತು ಮಾತಾಡುತ್ತಿದ್ದ. ಆದರೂ ಕಫೀಲ್ ಎಂದ ಮೇಲೆ ಷರತ್ತು ಹಾಕದಿದ್ದರೆ ಪದವಿಗೆ ಅವಮಾನ.

"ಮೂರು ತಿಂಗಳು ಪ್ರೊಬೇಷನ್," ಎಂದೆ. "ಕೆಲಸ ಬಿಡಿಸುವಾಗ ಕಂಪನಿ ಕೊಟ್ಟ ಇಂಡೆಮ್ನಿಟಿ ದುಡ್ಡಲ್ಲಿ ಒಂದು ಪಾಲು ಮಾತ್ರ ತೆಗೀಲಿಕ್ಕೆ. ಅದು ಮುಗಿದ್ರೆ ಖಲಾಸ್. ಸಾಲ ಇಲ್ಲ. ರಿಟರ್ನ್ ಟಿಕೆಟ್ಟಿನ ದಿನ ಬದಲಿಸ್ಲಿಕ್ಕಿಲ್ಲ. ಮೂರು ತಿಂಗಳಲ್ಲಿ ಇದು ಕೆಲಸ ಅಂತ ಹೇಳುವ ಹಾಗೆ ಆಗದಿದ್ರೆ, ಬಾಯಿ ಮುಚ್ಚಿ ಅರ್ದಿಯಾ."

"ಆದ್ರೆ?"

"ಆದ್ರೆ ಸ್ಟೋರ್‌ಕೀಪರ್ ಅನ್ನುವ ಶಬ್ದವನ್ನು ನಾನು ಜನ್ಮದಲ್ಲಿ ಎತ್ತುವುದಿಲ್ಲ."

ಅವನು ಕೈ ಚಾಚಿದ, ನಾನು ಕುಲುಕಿದೆ. ಹಾಗೆ ನಮ್ಮ ಮನೆಯ ಅಡುಗೆ ಮೇಜು ಕಾರ್ಯಾಗಾರವಾಯಿತು. ಕಾಸು ಇಡದೆ, ಬರೀ ಎಲೆ ಹಾಕಿ ಅಭ್ಯಾಸ. ಎಲೆ ಹಾಕುವುದು ನಾನು, ಬಡಿಸುವುದು ನಾನು, ಎದ್ದು ಕೈ ತೊಳೆಯುವುದು ಮಾತ್ರ ಅವನು.

ಆಟ ಸುಲಭ. ಇಪ್ಪತ್ತೊಂದರ ಹತ್ತಿರ ಹೋಗಬೇಕು, ದಾಟಬಾರದು. ಎದುರಿನಲ್ಲಿ ಎಲೆ ಹಂಚುವವರಿಗಿಂತ ಹತ್ತಿರವಿದ್ದರೆ ಗೆಲುವು. ಎಕ್ಕ ಒಂದೂ ಆಗುತ್ತದೆ, ಹನ್ನೊಂದೂ ಆಗುತ್ತದೆ, ಪಕ್ಷ ಬದಲಿಸುವವರ ಹಾಗೆ ಸಮಯ ನೋಡಿಕೊಂಡು. ರಾಜ, ರಾಣಿ, ಗುಲಾಮ ಮೂವರಿಗೂ ಹತ್ತೇ ಬೆಲೆ. ರಾಜನಿಗೂ ಗುಲಾಮನಿಗೂ ಒಂದೇ ರೇಟು ಕೊಡುವ ಕೆಲಸವನ್ನು ಗಲ್ಫಿನ ಹೊರಗೇ ಹುಡುಕಬೇಕು, ಬೇರೆ ದಾರಿಯಿಲ್ಲ ಎಂದೆ. ಡ್ಯಾನಿ ನಕ್ಕ. ಎಷ್ಟೋ ದಿನಗಳ ಮೇಲಿನ ನಗು ಅದು.

ಕಷ್ಟವಿರುವುದು ಲೆಕ್ಕದಲ್ಲಿ. ಕಟ್ಟಿನಿಂದ ಹೊರಬಿದ್ದ ಎಲೆ ಆ ಸುತ್ತಿನಲ್ಲಿ ವಾಪಸು ಬರುವುದಿಲ್ಲ. ಸಣ್ಣ ಎಲೆಗಳು ಹೆಚ್ಚು ಹೋಗಿದ್ದರೆ ಉಳಿದದ್ದರಲ್ಲಿ ದೊಡ್ಡವು ಹೆಚ್ಚು, ಆಗ ಆಡುವವನಿಗೆ ಅನುಕೂಲ. ಹಾಗಾಗಿ ಸಣ್ಣದು ಬಿದ್ದಾಗ ಮನಸ್ಸಿನಲ್ಲಿ ಒಂದು ಕೂಡಿಸಬೇಕು, ದೊಡ್ಡದು ಬಿದ್ದಾಗ ಒಂದು ಕಳೆಯಬೇಕು. ಮೊತ್ತ ಮೇಲೇರಿದಾಗ ದೊಡ್ಡ ಬೆಟ್ಟು, ಇಳಿದಾಗ ಚಿಲ್ಲರೆ ಬೆಟ್ಟು. ಇದರಲ್ಲಿ ಮೋಸವಿಲ್ಲ, ತಲೆ ಓಡಿಸುವುದು ಮಾತ್ರ. "ಆದ್ರೆ ತಲೆ ಓಡಿಸುವವರನ್ನು ಅವರು ಓಡಿಸ್ತಾರೆ," ಎಂದು ಡ್ಯಾನಿ ಮೊದಲೇ ಹೇಳಿದ್ದ. "ಲೆಕ್ಕ ಮಾಡ್ತಾ ಇದ್ದೇನೆ ಅಂತ ಮುಖದಲ್ಲಿ ತೋರಬಾರದು."

ಅಡುಗೆಮನೆಯ ಮೌನದಲ್ಲಿ ಅವನ ಲೆಕ್ಕ ಒಮ್ಮೆಯೂ ತಪ್ಪಲಿಲ್ಲ. ಆದರೆ ಕ್ಯಾಸಿನೊ ಮೌನದ ಜಾಗವಲ್ಲ. ಹಾಗಾಗಿ ಗದ್ದಲದ ಇಲಾಖೆ ನನ್ನ ಪಾಲಿಗೆ ಬಂತು. ಕಾಲೇಜಿನಲ್ಲಿ ಪ್ರಿನ್ಸಿಪಾಲರ ಸ್ವರದಲ್ಲಿ ಇಡೀ ತರಗತಿಗೆ ರಜೆ ಕೊಟ್ಟು ಸಿಕ್ಕಿಬಿದ್ದವಳು ನಾನು. ಇಷ್ಟು ವರ್ಷಗಳ ಮೇಲೆ ಆ ವಿದ್ಯೆಗೆ ಒಂದು ಉದ್ಯೋಗ ಸಿಕ್ಕಿತು.

ಎಲೆ ಹಾಕುತ್ತಲೇ ನಮ್ಮ ಕಟ್ಟಡದ ಈಜಿಪ್ಟಿನ ಕಾವಲುಗಾರನಾದೆ: "ಯಾ ಮದಾಮ್, ಮೋಯಾ ಮಾಫಿ! ನೀರು ನಾಳೆ, ಇನ್ಶಾಲ್ಲಾ!" ಡ್ಯಾನಿ ಅಲುಗಲಿಲ್ಲ. ಪೂಜೆಯ ಕೊನೆಗೆ ಪ್ರಕಟಣೆ ಓದುವ ಪಾದ್ರಿಯಾದೆ: "ಪಾರ್ಕಿಂಗಿನಲ್ಲಿ ಬಿಳಿ ಕಾರು ಅಡ್ಡ ಇಟ್ಟವರು ದಯವಿಟ್ಟು ಸ್ವರ್ಗಕ್ಕೆ ಹೋಗುವ ಮೊದಲು ಕಾರು ತೆಗೆಯಿರಿ." ಅಲುಗಲಿಲ್ಲ. ನನ್ನ ಫಿಲಿಪಿನೊ ಸೂಪರ್‌ವೈಸರ್ ಆದೆ, ಅವನ ಅಮ್ಮನಾದೆ, ವಿಮಾನದ ಪೈಲಟ್ ಆದೆ. ನಡುವೆ ಕಟ್ಟು ನಿಲ್ಲಿಸಿ ಕೇಳಿದಾಗ ಅವನು ಹೇಳಿದ ಮೊತ್ತ ಸರಿಯಾಗಿಯೇ ಇತ್ತು.

ಆಮೇಲೆ, ಬರೀ ತುಂಟತನಕ್ಕೆ, ಕಾರ್ಮೆಲ್ ಬಾಯಿಯಾದೆ.

ಕಾರ್ಮೆಲ್ ಬಾಯಿ ಎರಡನೇ ಮಹಡಿಯವರು, ಇಗರ್ಜಿಯ ಗಾಯನ ಮಂಡಳಿಯ ಹಿರಿಯರು. ಹೆಸರಿನಲ್ಲೇ ಬಾಯಿ ಇದೆ, ಉಳಿದದ್ದು ಹೇಳಬೇಕಾಗಿಲ್ಲ. ಇಲ್ಲಿಯ ರಜಾದಿನವಾದ ಶುಕ್ರವಾರ, ಪ್ರತಿ ಸಲ ಪೂಜೆ ಮುಗಿದ ಮೇಲೆ ಹತ್ತು ಜನರ ನಡುವೆ ಅವರು ಕೇಳುವುದು ಒಂದೇ ಪ್ರಶ್ನೆ. ಅದನ್ನೇ ಅವರ ಸ್ವರದಲ್ಲಿ, ಕೊನೆಯಲ್ಲಿ ರಾಗ ಎಳೆದು ಕೇಳಿದೆ:

"ಡ್ಯಾನೀ... ಕೆಲಸ ಆಯ್ತಾ ಮಗಾ?"

ಅವನ ಕೈಯ ಎಲೆ ಮೇಜಿನ ಮೇಲೆ ಬಿತ್ತು. "ಎಷ್ಟಿತ್ತು?" ಎಂದು ಅವನೇ ಕೇಳಿದ. ನನಗೆ ನಾಚಿಕೆಯಾಯಿತು. "ಬಿಡು, ಅದೊಂದು ಬೇಡ," ಎಂದೆ.

"ಬೇಕು," ಎಂದ ಡ್ಯಾನಿ. "ಅದೇ ಬೇಕು. ಪುನಃ ಹೇಳು."

ಮರುದಿನವೂ ಲೆಕ್ಕ ತಪ್ಪಿದ, ಆ ವಾರ ಪೂರ್ತಿ ತಪ್ಪಿದ. ನಾನು ಕೇಳುತ್ತಲೇ ಹೋದೆ, ಅವನು ತಪ್ಪುತ್ತಲೇ ಹೋದ. ಕೊನೆಗೊಂದು ಸಂಜೆ ನಾನು ರಾಗ ಎಳೆದು ಮುಗಿಸುವ ಮೊದಲೇ, ಎಲೆಗಳಿಂದ ಕಣ್ಣೆತ್ತದೆ, "ಆಗ್ತಾ ಉಂಟು ಬಾಯಿ," ಎಂದ. ಕಟ್ಟು ನಿಲ್ಲಿಸಿ ಕೇಳಿದರೆ ಮೊತ್ತ ಸರಿಯಿತ್ತು. ನಾನು ಎದ್ದು ಹೋಗಿ ಅವನ ತಲೆಗೆ ಮುತ್ತು ಕೊಟ್ಟೆ. ಕಫೀಲ್‌ಗಳು ಹಾಗೆಲ್ಲ ಮಾಡುವುದಿಲ್ಲ, ಇರಲಿ.

ಅದೇ ಗಳಿಗೆಗೆ ಪಕ್ಕದ ಮನೆಯ ಹಫೀಝಾ ಕೋಳಿ ಸಾರಿನ ಪಾತ್ರೆ ಹಿಡಿದು ಒಳಗೆ ಬಂದಳು. ಉಪ್ಪಿನಂಗಡಿಯ ಬ್ಯಾರಿ ಹುಡುಗಿ. ಅವಳ ಗಂಡನದು ಮಂಗಫ್‌ನಲ್ಲಿ ದಿನಸಿ ಅಂಗಡಿ. ಮೇಜಿನ ತುಂಬ ಹರಡಿದ್ದ ಇಸ್ಪೀಟು ನೋಡಿ ಅವಳ ಕಣ್ಣು ದೊಡ್ಡದಾಯಿತು.

"ಎಂತ ಟೀನಕ್ಕ ಇದು? ಜೂಜಾ?"

ಅವಳಿಗೆ ಸುಳ್ಳು ಹೇಳಲಾಗಲಿಲ್ಲ, ಎಲ್ಲ ಹೇಳಿದೆ. ಅವಳು ಪಾತ್ರೆಯನ್ನು ಎಲೆಗಳಿಗೆ ತಾಗದ ಹಾಗೆ ಮೂಲೆಯಲ್ಲಿಟ್ಟಳು. "ನಮ್ಮಲ್ಲಿ ಇದು ಹರಾಮ್. ಮುಟ್ಟಲಿಕ್ಕೂ ಇಲ್ಲ, ನಾನು ಒಳ್ಳೇದು ಅಂತ ಹೇಳುವುದೂ ಇಲ್ಲ. ಸಾರು ಬಿಸಿ ಉಂಟು, ಡ್ಯಾನಿಯಣ್ಣನಿಗೆ ಬಡಿಸಿ," ಎಂದು ಹೊರಟವಳು ಬಾಗಿಲಲ್ಲಿ ನಿಂತು, "ಅವರ ಮುಖ ಇವತ್ತು ಚೆಂದ ಉಂಟು," ಎಂದಳು.

ಮೊದಲ ಪ್ರಯಾಣದ ದಿನ ಲಿಫ್ಟಿನಲ್ಲೇ ಕಾರ್ಮೆಲ್ ಬಾಯಿ ಸಿಕ್ಕಿದರು. ಕಣ್ಣು ಸೂಟ್‌ಕೇಸಿನ ಮೇಲೆ.

"ಎಲ್ಲಿಗೆ ಡ್ಯಾನಿ? ಊರಿಗಾ?"

ಡ್ಯಾನಿಗೆ ಸುಳ್ಳು ಹೇಳಲು ಬರುವುದಿಲ್ಲ. ನನಗೆ ಬರುತ್ತದೆ. "ಆಫ್‌ಶೋರ್ ಡ್ಯೂಟಿ, ಬಾಯಿ. ಹೊಸ ಕೆಲಸ," ಎಂದೆ. ನೆಲಮಹಡಿ ಬರುವಷ್ಟರಲ್ಲಿ ಅವರು ಇಬ್ಬರನ್ನೂ ಆಶೀರ್ವದಿಸಿದರು. ಶುಕ್ರವಾರದೊಳಗೆ ಅಹ್ಮದಿಯ ಇಗರ್ಜಿಗೆಲ್ಲ ಸುದ್ದಿಯಾಗಿತ್ತು.

ಆ ಸಲ ಡ್ಯಾನಿ ಗೆದ್ದು ಬಂದ. ಎಷ್ಟೆಂದು ಬರೆಯುವುದಿಲ್ಲ. ಹಳೆಯ ಸಂಬಳದಷ್ಟಿರಲಿಲ್ಲ, ಆದರೆ ಆ ತಿಂಗಳ ಮನೆ ಬಾಡಿಗೆಯನ್ನು ಅವನೇ ಕಾವಲುಗಾರನ ಕೈಗೆ ಕೊಟ್ಟ. ಕೊಟ್ಟು ಬಂದವನು ಬೂಟು ಬಿಚ್ಚದೆ ಹಾಲಿನಲ್ಲಿ ಎರಡು ಸಲ ಆಚೀಚೆ ನಡೆದ. ಪೊಲೀಸ್ ಪರೇಡಿಗೆ ಅಷ್ಟು ಎದೆ ಸಾಕು.

ಎರಡನೇ ತಿಂಗಳು ಸೋತ. ಲೆಕ್ಕ ತಪ್ಪಿರಲಿಲ್ಲ. ಲೆಕ್ಕ ಸರಿಯಿದ್ದರೂ ಕೆಲವು ದಿನ ಎಲೆ ಒಲಿಯುವುದಿಲ್ಲ, ಅದೂ ಲೆಕ್ಕದೊಳಗೇ ಇದೆ ಎಂದು ಅವನು ವಿವರಿಸಿದ. ವಿಮಾನ ನಿಲ್ದಾಣದಿಂದ ಬಂದವನು ಸ್ನಾನ ಮಾಡಿ, ಚಾ ಕೇಳಿ, ಬಾಲ್ಕನಿಯಲ್ಲಿ ಕೂತು ಸಮುದ್ರ ನೋಡುತ್ತಾ ಕುಡಿದ. ಸೋತ ಮೊತ್ತವನ್ನು ಕೇಳುವ ಮೊದಲೇ ಹೇಳಿದ. ನಾನು ಹಾಕಿದ ಗಡಿಯ ಒಳಗೇ ಇತ್ತು.

"ಇನ್ನೊಂದು ದಿನ ನಿಂತು ವಾಪಸು ಹಿಡಿಯುವಾ ಅಂತ ಅನ್ನಿಸಲಿಲ್ವಾ?" ಎಂದು ಕೇಳಿದೆ.

"ಅನ್ನಿಸಿತು. ಅನ್ನಿಸುವುದಕ್ಕೆ ಎಂತ? ಟಿಕೆಟ್ಟಿನ ದಿನ ಬಂತು, ಎದ್ದೆ."

ಬಟ್ಟೆ ಒಣಗಿಸಲು ಪಕ್ಕದ ಬಾಲ್ಕನಿಗೆ ಬಂದಿದ್ದ ಹಫೀಝಾ ಇದನ್ನು ಕೇಳಿಸಿಕೊಂಡಳು. ಆಮೇಲೆ ಅಡುಗೆಮನೆಗೆ ಬಂದು ಮೆಲ್ಲಗೆ ಹೇಳಿದಳು: "ನಮ್ಮ ದೊಡ್ಡ ಮಾವ ಪುತ್ತಬ್ಬ ಕೋಳಿಅಂಕಕ್ಕೆ ದುಡ್ಡು ಕಟ್ಟಲಿಕ್ಕೆ ಹೋಗ್ತಿದ್ರು ಟೀನಕ್ಕ. ಸೋತ ದಿನ ಮನೆಯಲ್ಲಿ ಒಂದು ಪಾತ್ರೆ ನೆಟ್ಟಗೆ ಇರ್ತಿರಲಿಲ್ಲ. ಸೋತು ಬಂದವರು ಹೀಗೆ ಚಾ ಕುಡಿಯುವುದನ್ನು ನಾನು ನೋಡಿದ್ದೇ ಇಲ್ಲ."

ಗೆದ್ದಾಗ ಬಂದ ಹೆಮ್ಮೆಗಿಂತ ಇದು ದೊಡ್ಡದಾಗಿತ್ತು. ಗೆದ್ದು ಎದ್ದು ಬರುವವರು ಬೇಕಾದಷ್ಟಿದ್ದಾರೆ.

ಆದರೆ ನಮ್ಮ ಸುಳ್ಳು ಅಷ್ಟರಲ್ಲಿ ದೊಡ್ಡದಾಗಿ ಬೆಳೆದಿತ್ತು. ಕಾರ್ಮೆಲ್ ಬಾಯಿ ಒಂದು ಶನಿವಾರ ತಮ್ಮ ಅಳಿಯ ಆಲ್ರೊಯ್‌ನನ್ನು ಕರೆದುಕೊಂಡು ಬಂದರು. ವಿಸಿಟ್ ವೀಸಾದಲ್ಲಿ ಬಂದು ಕೆಲಸ ಹುಡುಕುತ್ತಿದ್ದ ಮೆಕ್ಯಾನಿಕಲ್ ಎಂಜಿನಿಯರ್, ಇಸ್ತ್ರಿ ಮಾಡಿದ ಅಂಗಿ, ಇಸ್ತ್ರಿ ಮಾಡಿದ ನಗು.

"ಡ್ಯಾನಿ, ನಿನ್ನ ಕಂಪನಿಯಲ್ಲಿ ಇವನಿಗೊಂದು ಜಾಗ ನೋಡು ಮಗಾ. ನಾಲ್ಕು ದಿನ ಡ್ಯೂಟಿ, ಉಳಿದ ದಿನ ಮನೆ. ಇಂಥ ಕೆಲಸ ಯಾರಿಗೆ ಸಿಗ್ತದೆ?"

"ಅದು... ಸ್ವಲ್ಪ ಕಷ್ಟ ಬಾಯಿ," ಎಂದ ಡ್ಯಾನಿ.

"ಎಂತ ಕಷ್ಟ? ನಿನ್ನದು ಎಂತ ಕೆಲಸ ಅಲ್ಲಿ?"

"ಟೇಬಲ್ ವರ್ಕ್," ಎಂದು ನಾನು ಬಾಯಿ ಹಾಕಿದೆ. ಡ್ಯಾನಿ ನನ್ನ ಕಡೆ ನೋಡಿದ ನೋಟದಲ್ಲಿ ನಗು ಇರಲಿಲ್ಲ.

ಆಲ್ರೊಯ್ ಹೊರಡುವಾಗ ಡ್ಯಾನಿಯ ಕೈ ಹಿಡಿದುಕೊಂಡು, "ಅಂಕಲ್, ಶುವೈಖ್‌ನಲ್ಲಿ ಒಂದು ವರ್ಕ್‌ಶಾಪಿನವರು ಕರೀತಾ ಇದ್ದಾರೆ. ನೀವು ಹೇಳುವವರೆಗೆ ಅವರಿಗೆ ಉತ್ತರ ಕೊಡುವುದಿಲ್ಲ," ಎಂದ. ಬಾಗಿಲು ಮುಚ್ಚಿದ ಮೇಲೂ ಡ್ಯಾನಿ ಅದರ ಮುಂದೆಯೇ ನಿಂತಿದ್ದ.

ಮೂರನೇ ಪ್ರಯಾಣದ ಎರಡನೇ ದಿನ. ಕ್ಲಿನಿಕ್ಕಿನಲ್ಲಿ ಒಬ್ಬ ದಪ್ಪ ಮುದುಕರ ರಕ್ತ ತೆಗೆದು ಹತ್ತಿ ಒತ್ತುತ್ತಿದ್ದೆ, ಫೋನು ಬಂತು.

"ಟೀನಾ, ನನ್ನನ್ನು ಹೊರಗೆ ಹಾಕಿದ್ರು."

ನನ್ನ ರಕ್ತವೇ ಇಳಿಯಿತು. "ಪೊಲೀಸಾ?"

"ಅಲ್ಲ. ಕ್ಯಾಸಿನೊದ ಮ್ಯಾನೇಜರ್. ಕಾಫಿ ಕೊಟ್ಟ. ಆಮೇಲೆ ಹೊರಗೆ ಹಾಕಿದ."

ಮುದುಕರಿಗೆ ಹತ್ತಿ ನೀವೇ ಹಿಡಿದುಕೊಳ್ಳಿ ಎಂದು ಸನ್ನೆ ಮಾಡಿ ಕಾರಿಡಾರಿಗೆ ಓಡಿದೆ. ಡ್ಯಾನಿ ಹೇಳುತ್ತಾ ಹೋದ, ನಾನು ಗೋಡೆಗೆ ಒರಗಿ ಕೇಳಿದೆ.

ಎಲೆ ಹಂಚುತ್ತಿದ್ದವಳು ಒಬ್ಬ ದೈವಭಕ್ತೆ ಹೆಂಗಸು, ಕೊರಳಿನಲ್ಲಿ ಪುಟ್ಟ ಶಿಲುಬೆ. ಆ ದೇಶದವರೂ ಕ್ರೈಸ್ತರೇ, ಆದರೆ ಶಿಲುಬೆಯ ಗುರುತು ಮಾಡುವಾಗ ಅವರ ಕೈ ಬಲ ಹೆಗಲಿನಿಂದ ಎಡಕ್ಕೆ ಹೋಗುತ್ತದೆ, ನಮ್ಮದು ಎಡದಿಂದ ಬಲಕ್ಕೆ. ನಮ್ಮ ಡ್ಯಾನಿ ದೊಡ್ಡ ಬೆಟ್ಟು ಇಡುವ ಮೊದಲು ಪ್ರತಿ ಸಲವೂ, ತನಗೇ ಗೊತ್ತಿಲ್ಲದೆ, ಗುರುತು ಮಾಡಿಕೊಳ್ಳುತ್ತಿದ್ದನಂತೆ. ಅವಳಿಗೆ ಅದು ವಿಚಿತ್ರವಾಗಿ ಕಂಡಿತು. ಯಾವ ಊರಿನ ಪದ್ಧತಿ ಎಂಬ ಕುತೂಹಲಕ್ಕೆ ಮ್ಯಾನೇಜರನಿಗೆ ಹೇಳಿದಳು. ಅವನು ಕ್ಯಾಮೆರಾ ನೋಡಿದ.

"ಎಂತ ಹೇಳಿದ ಗೊತ್ತುಂಟಾ?" ಎಂದ ಡ್ಯಾನಿ. "'ಸರ್, ಮೊದಲು ನೀವು ತುಂಬ ಭಕ್ತರು ಅಂದುಕೊಂಡೆವು. ಆಮೇಲೆ ನೋಡಿದ್ರೆ ಸಣ್ಣ ಎಲೆಗಳು ಖಾಲಿ ಆದಾಗ ಮಾತ್ರ ನಿಮಗೆ ದೇವರು ನೆನಪಾಗ್ತಾನೆ' ಅಂದ."

ನಾನು ನಕ್ಕ ನಗುವಿಗೆ ಎಕ್ಸ್‌ರೇ ಕೋಣೆಯವರು ಬಾಗಿಲು ತೆರೆದು ನೋಡಿದರು. ಅಭ್ಯಾಸದ ಅಷ್ಟೂ ಸಂಜೆ ಅವನ ಎದುರೇ ಕೂತಿದ್ದವಳು ನಾನು. ನನ್ನ ಕಣ್ಣಿಗೆ ಅದು ಬಿದ್ದಿರಲಿಲ್ಲ. ಬೀಳುವುದು ಹೇಗೆ? ನಮ್ಮ ಮನೆಯಲ್ಲಿ ಊಟಕ್ಕೆ, ಪ್ರಯಾಣಕ್ಕೆ, ಪ್ರೆಶರ್ ಕುಕ್ಕರಿನ ಮುಚ್ಚಳ ತೆಗೆಯುವುದಕ್ಕೂ ಶಿಲುಬೆ ಗುರುತು ಮಾಡಿಯೇ ಕೈ ಹಾಕುವುದು.

"ನಗಬೇಡ ಟೀನಾ."

"ಮತ್ತೆಂತ ಮಾಡಲಿ? ಬೈದನಾ ಅವನು?"

"ಇಲ್ಲ. 'ರೂಲೆಟ್ ಆಡಿ, ಊಟ ಮಾಡಿ, ನಮ್ಮ ಅತಿಥಿ ನೀವು. ಬ್ಲ್ಯಾಕ್‌ಜಾಕ್ ಮಾತ್ರ ಇನ್ನು ಬೇಡ. ನೀವು ನಮಗಿಂತ ಚೆನ್ನಾಗಿ ಆಡ್ತೀರಿ,' ಅಂದ." ಆಮೇಲೆ, "ಎದ್ದು ನಿಂತು ಕೈ ಕುಲುಕಿದ, ಟೀನಾ," ಎಂದ.

ಕೆಲಸ ಬಿಡಿಸಿದ ಕುವೈತ್ ಕಂಪನಿಯವರು ಒಂದು ಇಮೇಲ್ ಕಳಿಸಿ ಮುಗಿಸಿದ್ದರು. ಇವರು ಕಾಫಿ ಕೊಟ್ಟು ಕೈ ಕುಲುಕಿದ್ದರು. ಒಬ್ಬ ಮನುಷ್ಯನನ್ನು ತುಂಬ ಚೆನ್ನಾಗಿ ಕೆಲಸ ಮಾಡುತ್ತಾನೆ ಎಂಬ ಕಾರಣಕ್ಕೆ ತೆಗೆದುಹಾಕಿದ್ದನ್ನು ನಾನು ಗಲ್ಫಿನಲ್ಲಿ ಕೇಳಿರಲಿಲ್ಲ. ಆ ದಿನ ಎಲ್ಲರ ರಕ್ತವನ್ನೂ ಹಾಡು ಗುನುಗುತ್ತಲೇ ತೆಗೆದೆ. ಆದರೆ ಯಾರಿಗೆ ಹೇಳುವುದು? ಗಂಡನಿಗೆ ಜೂಜಿನಲ್ಲಿ ಪದವಿ ಸಿಕ್ಕಿತು ಎಂದು ಇಗರ್ಜಿಯ ಮೈಕಿನಲ್ಲಿ ಹೇಳಲಾದೀತೇ!

ಅವನು ವಾಪಸು ಬರುವಷ್ಟರಲ್ಲಿ ನನ್ನ ತಲೆಯಲ್ಲಿ ಹೊಸ ಯೋಜನೆ ಸಿದ್ಧವಾಗಿತ್ತು. ಅಲ್ಲಿ ಅದೊಂದೇ ಕ್ಯಾಸಿನೊ ಅಲ್ಲವಲ್ಲ. ಸಿಕ್ಕಿಬಿದ್ದದ್ದು ಲೆಕ್ಕದಿಂದಲ್ಲ, ಮುಖದಿಂದ, ಕೈಯಿಂದ. ಮುಖ ಬದಲಿಸುವ ವಿದ್ಯೆಗೆ ಮನೆಯಲ್ಲೇ ಗುರು ಇದ್ದಾಳೆ.

"ನೋಡು," ಎಂದು ಅಡುಗೆಮನೆಯ ನಡುವೆ ನಿಂತೆ. "ನೀನೊಬ್ಬ ದುಡ್ಡಿನ ಗೋಣಿ. ಕುಡಿದಿದ್ದೀ. ಎಲೆಯ ಬೆಲೆ ಗೊತ್ತಿಲ್ಲ." ಸೊಂಟ ಸಡಿಲ ಬಿಟ್ಟು, ತುಟಿ ಜೋತುಬಿಟ್ಟು, ತೂರಾಡುತ್ತಾ ಬಂದು ಮೇಜಿಗೆ ಢಿಕ್ಕಿ ಹೊಡೆದೆ. "'ಏಯ್ ಸುಂದರೀ, ಇದು ರಾಣಿಯಾ, ರಾಜನಾ? ಎರಡಕ್ಕೂ ಗಡ್ಡ ಕಾಣ್ತದಲ್ಲಾ!' ಇಂಥವನನ್ನು ಯಾವ ಕ್ಯಾಮೆರಾ ಹಿಡೀತದೆ ಹೇಳು? ಒಂದು ತಿಂಗಳು ಕೊಡು, ನಿನ್ನನ್ನು ತಯಾರು ಮಾಡ್ತೇನೆ."

ಡ್ಯಾನಿ ನಕ್ಕ. ಕಣ್ಣೀರು ಬರುವವರೆಗೆ ನಕ್ಕ. ಕಣ್ಣೊರೆಸಿಕೊಂಡು, "ಬೇಡ ಟೀನಾ," ಎಂದ.

"ಯಾಕೆ? ಪ್ರೊಬೇಷನ್ ಮುಗಿಯಲಿಲ್ಲ. ಕಫೀಲ್ ಆದ ನಾನೇ ಒಪ್ಪಿದ್ದೇನೆ."

"ಕೆಲಸ ಅಂತ ಹೇಳುವ ಹಾಗೆ ಆಗಬೇಕು ಅಂತ ನೀನೇ ಹೇಳಿದ್ದಲ್ವಾ?" ಅವನು ಎಲೆಗಳನ್ನು ಕೂಡಿಸಿ ಕಟ್ಟು ಮಾಡುತ್ತಿದ್ದ. "ಇಲ್ಲಿ ಇಲ್ಲದ ಕಂಪನಿ ಇದೆ ಅಂತ ನಟಿಸಬೇಕು. ಅಲ್ಲಿ ಇರುವ ಬುದ್ಧಿ ಇಲ್ಲ ಅಂತ ನಟಿಸಬೇಕು. ಪೆದ್ದನ ಹಾಗೆ ಕೂತು ಸಂಬಳ ತರಲಿಕ್ಕೆ ನನಗೆ ಆಗ್ಲಿಕ್ಕಿಲ್ಲ. ನನಗೆ ಬರ್ತದೆ ಅಂತ ಅವರು ಒಪ್ಪಿಕೊಂಡ್ರು. ಅಷ್ಟು ಸಾಕು."

ಸೋಫಾದಿಂದ ಎದ್ದು ನಿಂತ ಮನುಷ್ಯ ಇವನೇ, ನಾನು ಕೈ ಹಿಡಿದದ್ದೂ ಇವನನ್ನೇ ಎಂದು ನೋಡುತ್ತಾ ನಿಂತೆ.

"ಆಲ್‌ಸ್ಟನ್‌ಗೆ ಫೋನ್ ಮಾಡಿ ಆಯ್ತು," ಎಂದ. "ಜಾಗ ಹಾಗೇ ಇಟ್ಟಿದ್ದಾನೆ. ಈಗ ಎರಡನೇ ಮಹಡಿಗೆ ಹೋಗಿ ಬರ್ತೇನೆ. ಆ ಹುಡುಗ ಕಾಯ್ತಾ ಇದ್ದಾನೆ."

"ನಾನು ಹೇಳಿದ ಸುಳ್ಳು, ನಾನೇ ಹೋಗಿ..."

"ನೀನು ಬೇಕಾದ್ರೆ ಹಿಂದೆ ಬಾ."

ಕಾರ್ಮೆಲ್ ಬಾಯಿಯೇ ಬಾಗಿಲು ತೆರೆದರು, ಹಿಂದೆ ಆಲ್ರೊಯ್. ಡ್ಯಾನಿ ಹೊಸ್ತಿಲಲ್ಲೇ ನಿಂತು, ಕೈ ಕಟ್ಟಿಕೊಂಡು ಎಲ್ಲ ಹೇಳಿದ. ಕಂಪನಿ ಇಲ್ಲ ಎಂದ, ಇಸ್ಪೀಟು ಎಂದ, ಜಾರ್ಜಿಯಾ ಎಂದ. ಆಲ್ರೊಯ್ ವರ್ಕ್‌ಶಾಪಿನವರಿಗೆ ಇವತ್ತೇ ಒಪ್ಪಿಗೆ ಕೊಡಲಿ, ತನ್ನಿಂದ ತಡವಾಯಿತು, ಕ್ಷಮಿಸಬೇಕು ಎಂದ. ಬಾಯಿಯ ಮುಖ ಕೆಂಪಾಗುತ್ತಾ ಹೋಯಿತು.

"ಜೂಜು! ನ್ಯಾಯವಾಗಿ ನಿನ್ನ ಕಿವಿ ಹಿಂಡಬೇಕು ನಾನು. ನಿನ್ನ ಹೆಂಡತಿಯದ್ದು ಎರಡೂ ಕಿವಿ." ನನ್ನ ಕಡೆಗೊಂದು ನೋಟ ಬಿತ್ತು. ಆಮೇಲೆ ಅವರು ಸ್ವರ ಇಳಿಸಿ ಕೇಳಿದರು. "ಅಲ್ಲ ಡ್ಯಾನಿ, ಸೋತದ್ದಕ್ಕಾ ನಿನ್ನನ್ನು ಹೊರಗೆ ಹಾಕಿದ್ದು?"

"ಅಲ್ಲ ಬಾಯಿ. ಅವರಿಗಿಂತ ಚೆನ್ನಾಗಿ ಆಡಿದ್ದಕ್ಕೆ."

"ಅವರ ಆಟದಲ್ಲಿ? ಅವರ ಮೇಜಿನಲ್ಲಿ?"

"ಹೌದು."

"ಮತ್ತೆ ಎಂತಕ್ಕೆ ಕಳ್ಳನ ಹಾಗೆ ಹೊಸ್ತಿಲಲ್ಲಿ ನಿಂತದ್ದು? ಒಳಗೆ ಬಾ. ಆಲ್ರೊಯ್, ಅಂಕಲಿಗೆ ಕುರ್ಚಿ ಎಳಿ. ನೀನು ಆ ವರ್ಕ್‌ಶಾಪಿನವರಿಗೆ ಫೋನ್ ಮಾಡು. ಮೊದಲು ಫೋನ್, ಆಮೇಲೆ ಕಥೆ."

ಶುವೈಖ್‌ನವರು ಇನ್ನೂ ಯಾರನ್ನೂ ತೆಗೆದುಕೊಂಡಿರಲಿಲ್ಲ. ಆಲ್ರೊಯ್ ಫೋನಿಟ್ಟು ಬಂದು ಕೂತ ಮೇಲೆ ಡ್ಯಾನಿ ಕಥೆ ಹೇಳಿದ. ಶಿಲುಬೆ ಗುರುತಿನ ಭಾಗಕ್ಕೆ ಬಂದಾಗ ಕಾರ್ಮೆಲ್ ಬಾಯಿ ತಾವೂ ಒಂದು ಗುರುತು ಮಾಡಿಕೊಂಡರು, ಎಡದಿಂದ ಬಲಕ್ಕೆ, ನಿಧಾನವಾಗಿ, ಕೈ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ನೋಡುತ್ತಾ.

ಮುಂದಿನ ಶುಕ್ರವಾರ ಪೂಜೆ ಮುಗಿಸಿ ಅಂಗಳಕ್ಕೆ ಬಂದರೆ ಜನ ನಮ್ಮನ್ನೇ ನೋಡುತ್ತಿದ್ದರು. ಗಾಯನ ಮಂಡಳಿಯ ನಡುವೆ ಕಾರ್ಮೆಲ್ ಬಾಯಿ ನಿಂತಿದ್ದರು. ಅವರ ಮಾತು ಪಾರ್ಕಿಂಗಿನವರೆಗೂ ಕೇಳಿಸುತ್ತಿತ್ತು: "ನಮ್ಮ ಕಟ್ಟಡದ ಡ್ಯಾನಿ! ಇಡೀ ಜಾರ್ಜಿಯಾ ದೇಶಕ್ಕೇ ಅವನ ಮುಂದೆ ಕೂರುವ ಧೈರ್ಯ ಇಲ್ಲವಂತೆ. ಸರಕಾರವೇ ಬೇಡಿಕೊಂಡಿತಂತೆ, ಮಾರಾಯ ದಯವಿಟ್ಟು ಆಡಬೇಡ ಅಂತ!"

ಹತ್ತು ಹದಿನೈದು ಮುಖಗಳು ಡ್ಯಾನಿಯ ಕಡೆ ತಿರುಗಿದವು. ಹಿಂದಿನ ಶುಕ್ರವಾರಗಳಲ್ಲಿ ಇಂಥ ಹೊತ್ತಿಗೆ ಅವನು ಕಾರಿನ ಬೀಗದ ಕೈ ಹುಡುಕುತ್ತಾ ಬಗ್ಗಿಬಿಡುತ್ತಿದ್ದ. ಈಗ ಎಲ್ಲರಿಗೂ ಕೇಳುವ ಹಾಗೆ ಹೇಳಿದ:

"ದೇಶ ಅಲ್ಲ ಬಾಯಿ, ಒಂದು ಕಟ್ಟಡ. ಸರಕಾರ ಅಲ್ಲ, ಒಬ್ಬ ಮ್ಯಾನೇಜರ್. ಅದೂ ಮುಗಿಯಿತು. ನಾಳೆಯಿಂದ ನಾನು ಅರ್ದಿಯಾದಲ್ಲಿ ಸ್ಟೋರ್‌ಕೀಪರ್."